ಅಪ್ಪಂದಿರು ಮಾಡಲಾಗದ ಪ್ರಾಜೆಕ್ಟ್

ಲಿಫ್ಟ್ ಮೆಕ್ಯಾನಿಕ್ ಅವತ್ತು ಶಾಲೆಗೆ ಬಂದದ್ದು ಜಗಳ ಆಡುವುದಕ್ಕೆ. ಜಗಳ ಆಡಿಯೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇಂಗ್ಲಿಷ್ ಟೀಚರ್ ಈಗಲೂ ಅಂದುಕೊಳ್ಳುತ್ತಾಳೆ. ಕೆಲವರನ್ನು ಒಮ್ಮೆಯೂ ನಗಿಸದೆ ಮನೆಗೆ ಕಳಿಸಿಬಿಡಬೇಕು.

ಅವನ ಒಂದು ಕೈಯಲ್ಲಿ ರಟ್ಟಿನ ಮನೆ, ಇನ್ನೊಂದು ಕೈಯಲ್ಲಿ ಮಗಳ ಪ್ರಾಜೆಕ್ಟ್ ಫೈಲು. ರಜೆಯಲ್ಲಿ ಎಂಟನೇ ಕ್ಲಾಸಿನವರು ಒಂದು ಇಂಗ್ಲಿಷ್ ಕಾದಂಬರಿ ಓದಿ, ಕಥೆ ನಡೆಯುವ ಮನೆಯ ಮಾಡೆಲ್ ಮಾಡಿ ತರಬೇಕಿತ್ತು. ಉಳಿದವರ ಮನೆಗಳು ಅಂಟು ಬಿಟ್ಟು ವಾಲಿಕೊಂಡಿದ್ದವು. ಈ ಮನೆಯಲ್ಲಿ ಮಾತ್ರ ಗುಂಡಿ ಒತ್ತಿದರೆ ಮೇಲೆ ಹೋಗಿ ಕೆಳಗೆ ಬರುವ ಪುಟ್ಟ ಲಿಫ್ಟ್ ಇತ್ತು. ಟೀಚರ್ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಳು: ‘ಅಪ್ಪನಿಗೆ ಹತ್ತಕ್ಕೆ ಒಂಬತ್ತು. ಮಗಳ ಕೆಲಸ ಎಲ್ಲಿ?’

“ಇದನ್ನ ನಾನು ಮಾಡಿದ್ದು ಅಂತ ನಿಮಗೆ ಯಾರು ಹೇಳಿದ್ದು?” ಎಂದ ಅವನು.

“ಕಾದಂಬರೀಲಿ ಲಿಫ್ಟ್ ಇಲ್ಲ.”

“ಅಜ್ಜಿಗೆ ಮೊಣಕಾಲು ನೋವು ಅಂತ ಇದೆಯಂತಲ್ಲ. ಮಗಳು ಓದಿ ಹೇಳಿದ್ಲು. ಅಷ್ಟು ವಯಸ್ಸಾದವರನ್ನ ಮಹಡಿ ಮೇಲೆ ಮಲಗಿಸಿದಾರೆ. ಬರೆದವರಿಗೆ ಕರುಣೆ ಇಲ್ಲ ಅಂದ್ರೆ ನಾವೂ ನೋಡ್ಕೊಂಡು ಸುಮ್ನಿರೋಕಾಗುತ್ತಾ?”

“ನಾವು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ರಟ್ಟಿನ ಮನೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, “ಮೋಟರು ನಂದು. ಗೋಡೆನೂ ನಂದೇ. ಬಣ್ಣ ಮಾತ್ರ ಕಡ್ಡಿದು,” ಎಂದ. ಕಡ್ಡಿ ಎಂದರೆ ಅವನ ಮಗಳು. ಎಷ್ಟು ತಿಂದರೂ ಮೈ ಹಿಡಿಯದ ಹುಡುಗಿ.

“ಒಪ್ಪಿಕೊಂಡ್ರಲ್ಲ, ಸಂತೋಷ.”

“ಒಂದು ಮಾರ್ಕ್ಸ್ ಯಾಕೆ ಕಳೆದ್ರಿ ಮತ್ತೆ?”

“ಲಿಫ್ಟಿನ ಬಾಗಿಲು ಅಂಟಿಕೊಳ್ಳುತ್ತೆ.”

ಅವನು ಗುಂಡಿ ಒತ್ತಿದ. ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ, ಕಿವಿಗೊಟ್ಟು ಕೇಳಿದ. ಬಾಗಿಲು ಅಂಟಿಕೊಂಡಿತು. “ಹೌದು,” ಎಂದ. “ನಾಳೆ ಸರಿ ಮಾಡಿ ತರ್ತೀನಿ.” ಹಾಗೆಂದು ತಲೆ ಎತ್ತಿದವನು ಇನ್ನೊಂದು ಕಣ್ಣು ತೆರೆಯುವುದನ್ನು ಮರೆತಿದ್ದ. ಟೀಚರಿಗೆ ನಗು ತಡೆಯಲಾಗಲಿಲ್ಲ.

ನಗಬಾರದಿತ್ತು. ಅವನು ಮರುದಿನವೂ ಬಂದ, ಅದರ ಮುಂದಿನ ವಾರವೂ ಬಂದ.

ಅವಳಿಗೆ ಮೂವತ್ತೆಂಟು. ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಮದುವೆಯ ಮಾತು ಎತ್ತಿದವರಿಗೆ ಕಾಫಿ ಕೊಟ್ಟು ಕಳಿಸುವುದು ರೂಢಿಯಾಗಿಹೋಗಿತ್ತು. ಇತ್ತೀಚೆಗೆ ಮಾತು ಎತ್ತುವವರೂ ಇರಲಿಲ್ಲ, ಕಾಫಿಪುಡಿ ಉಳಿಯುತ್ತಿತ್ತು. ಅವನ ಹೆಂಡತಿ ಕಡ್ಡಿಗೆ ಆರು ವರ್ಷ ಇದ್ದಾಗ ಮನೆ ಬಿಟ್ಟು ಹೋದವಳು, ತಿರುಗಿ ನೋಡಿರಲಿಲ್ಲ. ಮಗುವನ್ನು ಬೆಳೆಸಿದ್ದು ಅವನ ತಾಯಿ. ಕೋರ್ಟಿನ ನೋಟಿಸುಗಳಿಗೂ ಹೆಂಡತಿಯ ಉತ್ತರ ಬಾರದೆ ಕೊನೆಗೆ ಡೈವೋರ್ಸ್ ಆಗಿತ್ತು. ಇಷ್ಟನ್ನು ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದ, ಅವಳು ಕೆದಕಲಿಲ್ಲ. ಮುಗಿದ ಅಧ್ಯಾಯ ಎಂದುಕೊಂಡಳು. ಪುಸ್ತಕ ಓದುವವರಿಗೆ ಅಂಟುವ ಚಟ ಇದು, ಪುಟ ತಿರುವಿದರೆ ಮುಗಿಯಿತು ಎಂದುಕೊಳ್ಳುವುದು.

ಶನಿವಾರ ಅವಳು ಲೈಬ್ರರಿಗೆ ಹೋಗುತ್ತಿದ್ದಳು. ಅದಿದ್ದದ್ದು ನಾಲ್ಕನೇ ಮಹಡಿಯಲ್ಲಿ. ಆ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಅವಳು ಹೋದಾಗಲೆಲ್ಲ ಲಿಫ್ಟಿನ ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು ನೇತಾಡುತ್ತಿರುತ್ತಿತ್ತು. ಅವನು ಪುಸ್ತಕದ ಚೀಲ ಹಿಡಿದು ಜೊತೆಗೆ ಮೆಟ್ಟಿಲು ಹತ್ತುತ್ತಿದ್ದ.

ಒಂದು ದಿನ ಅವಳು ಮೊದಲೇ ಬಂದು ಗುಂಡಿ ಒತ್ತಿದಳು. ಬಾಗಿಲು ತಣ್ಣಗೆ ತೆರೆದುಕೊಂಡಿತು. ಬೋರ್ಡು ಹಿಡಿದುಕೊಂಡು ಬರುತ್ತಿದ್ದವನು ಹಾಗೇ ನಿಂತ.

“ಲಿಫ್ಟು ಚೆನ್ನಾಗೇ ಇದೆಯಲ್ಲ, ಮೆಕ್ಯಾನಿಕ್ ಸಾಹೇಬ್ರೇ?”

“ಇದೆ.”

“ಎಷ್ಟು ದಿನದಿಂದ?”

“ಕೆಟ್ಟೇ ಇರ್ಲಿಲ್ಲ ಮೇಡಂ.” ಅವನ ಕಿವಿ ಕೆಂಪಾಗಿತ್ತು. “ಲಿಫ್ಟಲ್ಲಿ ಹೋದ್ರೆ ಬೇಗ ಮುಟ್ಟಿಬಿಡ್ತೀರಿ. ಅದೇ ತೊಂದರೆ.”

ಅವಳು ಅವನ ಕೈಯಿಂದ ಬೋರ್ಡು ತೆಗೆದುಕೊಂಡು ತಾನೇ ನೇತುಹಾಕಿ, ಮೆಟ್ಟಿಲ ಕಡೆ ನಡೆದಳು. ಮೂರನೇ ಮಹಡಿಯ ತಿರುವಿನಲ್ಲಿ ಅವನು, “ಮದುವೆ ಆಗೋಣ್ವಾ?” ಎಂದ. ಅವಳು ಗೋಡೆ ಹಿಡಿದುಕೊಂಡು, “ಉಸಿರು ತಗೊಳ್ಳೋಕೆ ಬಿಡಿ,” ಎಂದಳು. ಉಸಿರು ತೆಗೆದುಕೊಂಡ ಮೇಲೆ ಒಪ್ಪಿದಳು. ಇಷ್ಟು ಸಂತೋಷವನ್ನು ಎಲ್ಲಿಡುವುದು ಎಂದು ತಿಳಿಯದೆ ಆ ದಿನ ಪುಸ್ತಕ ತೆಗೆದುಕೊಳ್ಳದೇ ಮನೆಗೆ ಹೋದಳು.

ಉಳಿದದ್ದು ಕಡ್ಡಿಗೆ ಹೇಳುವುದೊಂದೇ. ಕಡ್ಡಿ ಈಗ ಒಂಬತ್ತನೇ ಕ್ಲಾಸು. ಇಂಗ್ಲಿಷ್ ಮಿಸ್ ಅಂದರೆ ಅವಳಿಗೆ ಪ್ರಾಣ, ನಿಜ. ಆದರೆ ಮಿಸ್ ಬೇರೆ, ಚಿಕ್ಕಮ್ಮ ಬೇರೆ. ಅವನು ಸುಲಭಕ್ಕೆ ಮಾತು ಕೊಡುವವನಲ್ಲ. ಲಿಫ್ಟ್ ಎಷ್ಟೊತ್ತಿಗೆ ರೆಡಿ ಎಂದು ಕೇಳಿದವರಿಗೂ ‘ಹಗ್ಗ ನೋಡದೆ ಹೇಳಲ್ಲ’ ಎನ್ನುತ್ತಿದ್ದ. ಅಂಥವನು ಅವಳ ಕೈ ಹಿಡಿದುಕೊಂಡು ಹೇಳಿದ: “ಈ ಸಲದ ರಜೆ ಮುಗಿಯೋದರೊಳಗೆ ಕಡ್ಡಿಗೆ ಹೇಳ್ತೀನಿ. ಅವಳು ಹೂಂ ಅಂದ ದಿನವೇ ರಿಜಿಸ್ಟ್ರಾರ್ ಆಫೀಸು.”

ರಜೆ ಹತ್ತಿರ ಬಂದಿತ್ತು. ಪಾರ್ಕಿನ ಬೆಂಚಿನ ಮೇಲೆ ಕೂತು ಅವಳು ರಜೆಯ ಅಸೈನ್‌ಮೆಂಟ್ ಯೋಚಿಸುತ್ತಿದ್ದಳು. ಪಕ್ಕದಲ್ಲಿ ಅವನು ಬನ್ ತಿನ್ನುತ್ತಾ ಕೆಣಕುತ್ತಿದ್ದ.

“ಏನೇ ಕೊಡಿ ಮೇಡಂ, ಮಾಡೋರು ಅಪ್ಪಂದಿರೇ. ಹೋದ ಸಲ ಮಾಡೆಲ್ಲು. ಈ ಸಲ ಚಾರ್ಟಾ? ಎಲ್ಲದಕ್ಕೂ ನಾವು ಸಿದ್ಧ.”

“ಅಪ್ಪಂದಿರು ಮಾಡೋಕಾಗದ್ದು ಕೊಡ್ತೀನಿ.”

“ಕೊಡಿ ನೋಡೋಣ.”

“ಬೆಟ್ ಕಟ್ತೀರಾ?”

“ಬೆಟ್ಟು. ಸೋತರೆ ಜೀವನಪೂರ್ತಿ ಪಾತ್ರೆ ತೊಳೀತೀನಿ.”

ಅವಳು ಪೆನ್ನಿನ ತುದಿ ಕಚ್ಚಿಕೊಂಡು ಯೋಚಿಸಿದಳು. ಈ ಸಲದ ಕಾದಂಬರಿಯಲ್ಲಿ ಒಬ್ಬಳು ಅತ್ತೆ ಇದ್ದಳು. ಎರಡನೇ ಅಧ್ಯಾಯದಲ್ಲಿ ಮನೆ ಬಿಟ್ಟು ಹೋಗುತ್ತಾಳೆ. ಆಮೇಲೆ ಎಲ್ಲರೂ ಅವಳ ಬಗ್ಗೆ ಮಾತಾಡುತ್ತಾರೆ, ಅವಳ ಮಾತು ಮಾತ್ರ ಎಲ್ಲೂ ಬರುವುದಿಲ್ಲ. ಅವಳ ಕಡೆಯ ಕಥೆಯನ್ನು ಮಕ್ಕಳು ಬರೆಯಬೇಕು, ಇದು ಮೊದಲ ಭಾಗ. ಎರಡನೆಯದು, ತಮ್ಮದೇ ಕುಟುಂಬದಲ್ಲಿ ಯಾರ ಮಾತನ್ನು ಯಾರೂ ಕೇಳಿಲ್ಲವೋ ಅಂಥವರೊಬ್ಬರನ್ನು ಹುಡುಕಿ, ಕೂತು ಕೇಳಿ, ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕು.

ಓದಿ ಹೇಳಿದಾಗ ಅವನು ಬನ್ ಅಗಿಯುವುದನ್ನು ನಿಲ್ಲಿಸಿದ. “ಇದನ್ನ ಮಾಡೋಕಾಗಲ್ಲ ಮೇಡಂ. ಸೋತೆ.”

“ಕಡ್ಡಿ ಯಾರನ್ನ ಕೇಳ್ತಾಳೆ?”

“ನಮ್ಮಮ್ಮನ್ನೇ. ಇನ್ಯಾರಿದಾರೆ? ಅಮ್ಮ ಶುರು ಮಾಡಿದ್ರೆ ರಜೆ ಸಾಕಾಗಲ್ಲ.”

ಇಬ್ಬರೂ ನಕ್ಕರು. ಅವನು ಅವಳ ಕೆನ್ನೆಯ ಮೇಲಿನ ಶಾಯಿಯನ್ನು ಹೆಬ್ಬೆರಳಿನಿಂದ ಒರೆಸಿದ. ಹೋಗಲಿಲ್ಲ, ಇನ್ನಷ್ಟು ಹರಡಿತು. ತಮಗೆ ತಾವೇ ಗುಂಡಿ ತೋಡಿಕೊಳ್ಳುವವರು ಇಷ್ಟು ಖುಷಿಯಾಗಿ ತೋಡಿದ್ದನ್ನು ಯಾರೂ ಕಂಡಿರಲಿಕ್ಕಿಲ್ಲ.

ರಜೆ ಶುರುವಾದ ಮೊದಲ ವಾರ ಕಡ್ಡಿ ಫೋನ್ ಮಾಡಿದಳು.

“ಮಿಸ್, ಎರಡನೇ ಭಾಗಕ್ಕೆ ಮನೇಲಿ ಇರೋರೇ ಆಗ್ಬೇಕಾ?”

“ಹಾಗೇನಿಲ್ಲ. ನೆಂಟರಾದ್ರೂ ಸರಿ.”

“ದೂರ ಇದ್ರೆ?”

“ಫೋನಿದೆಯಲ್ಲ.”

“ಅವರಿಗೆ ಕೋಪ ಬಂದ್ರೆ, ಮಿಸ್? ಮಾತಾಡಲ್ಲ ಅಂದ್ರೆ?”

ಟೀಚರಿಗೆ ಹುಡುಗಿಯ ಮೇಲೆ ಅಕ್ಕರೆ ಉಕ್ಕಿತು. ಇಡೀ ಕ್ಲಾಸಿನಲ್ಲಿ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಇವಳೊಬ್ಬಳೇ. ನಾಳೆ ಇವಳಿಗೆ ಜಡೆ ಹಾಕುವವಳು ನಾನೇ ಎಂದೂ ಅನಿಸಿತು. “ಹೆದರ್ಕೋಬೇಡ ಕಣೇ,” ಎಂದಳು. “ಯಾರೂ ಕೇಳದೆ ಇರೋದಕ್ಕೇ ಅವರು ಮಾತಾಡ್ದೆ ಇರೋದು. ನೀನು ಕೇಳು. ಒಂದು ಸಲ ಇಟ್ಟುಬಿಟ್ರೆ ಇನ್ನೊಂದು ಸಲ ಮಾಡು.”

“ಯಾರು ಅಂತ ಈಗ ಹೇಳಲ್ಲ ಮಿಸ್. ಅಪ್ಪನಿಗೂ ಹೇಳಿಲ್ಲ.”

“ಬೇಡ, ಓದಿಯೇ ತಿಳ್ಕೋತೀನಿ,” ಎಂದು ಟೀಚರ್ ಫೋನ್ ಇಟ್ಟಳು. ಆ ದಿನ ಅವಳು ಎರಡು ಹೊಸ ದಿಂಬು ಕೊಂಡು ತಂದಳು.

ಆಮೇಲೆ ಅವನು ಬರಲಿಲ್ಲ. ಶನಿವಾರ ಲೈಬ್ರರಿಯ ಲಿಫ್ಟ್ ಯಾವ ಬೋರ್ಡೂ ಇಲ್ಲದೆ ಓಡಾಡುತ್ತಿತ್ತು. ಫೋನ್ ಮಾಡಿದರೆ “ಕೆಲಸ ಇದೆ, ಬರ್ತೀನಿ” ಎಂದಷ್ಟೇ. ಮುಂದಿನ ಶನಿವಾರವೂ ಹಾಗೇ ಆಯಿತು. ಮಗಳಿಗೆ ಹೇಳಿರಬೇಕು, ಅವಳು ಒಪ್ಪಿರಲಿಕ್ಕಿಲ್ಲ ಎಂದು ಟೀಚರ್ ಲೆಕ್ಕ ಹಾಕಿದಳು. ಇನ್ನೊಂದು ವರ್ಷ ಬೇಕಾದರೂ ಕಾದರಾಯಿತು ಎಂದು ತನ್ನನ್ನೇ ಸಮಾಧಾನ ಮಾಡಿದಳು.

ರಜೆ ಮುಗಿಯುತ್ತಾ ಬಂದಾಗ, ಒಂದು ಮಧ್ಯಾಹ್ನ ಅವನು ಅವಳ ಮನೆ ಬಾಗಿಲಿಗೆ ಬಂದ. ಗಡ್ಡ ಬೆಳೆದಿತ್ತು. ಕೂರು ಎಂದರೂ ಕೂರಲಿಲ್ಲ.

“ಅವಳು ಬಂದಿದಾಳೆ,” ಎಂದ.

“ಯಾರು?”

“ಕಡ್ಡಿ ಅಮ್ಮ.”

ಟೀಚರ್ ಒಲೆಯ ಮೇಲಿಟ್ಟಿದ್ದ ಹಾಲನ್ನು ನೋಡುತ್ತ ನಿಂತಳು. ಅವನು ನಿಂತಲ್ಲೇ ಹೇಳಿದ, ಹೇಳುವಾಗ ಅವಳ ಮುಖ ನೋಡಲಿಲ್ಲ.

ಕಡ್ಡಿ ದೊಡ್ಡಮ್ಮನ ನಂಬರು ಹುಡುಕಿ, ಅವಳಿಂದ ಅಮ್ಮನ ನಂಬರು ಪಡೆದು ಫೋನ್ ಮಾಡಿದ್ದಳು. ಮೊದಲ ಸಲ ಆ ಕಡೆಯವಳು ಇಟ್ಟುಬಿಟ್ಟಳು. ಕಡ್ಡಿ ಇನ್ನೊಮ್ಮೆ ಮಾಡಿದಳು. “ನನ್ನ ಸ್ಕೂಲಿನ ಪ್ರಾಜೆಕ್ಟು, ನೀವು ಯಾಕೆ ಹೋದ್ರಿ ಅಂತ ಹೇಳ್ಬೇಕು,” ಎಂದಳಂತೆ. ಆ ಹೆಂಗಸು ಅತ್ತು ಅತ್ತು ಸುಮ್ಮನಾದ ಮೇಲೆ ಹೇಳಿದಳು. ಎರಡನೇ ಮಗು ಹುಟ್ಟುತ್ತಲೇ ಸತ್ತುಹೋಗಿತ್ತು, ಅದು ಅವನಿಗೂ ಗೊತ್ತು. ಆಮೇಲೆ ಅವಳಿಗೆ ನಿದ್ದೆ ಬಿಟ್ಟುಹೋಯಿತು, ಕಡ್ಡಿಯನ್ನು ಮುಟ್ಟಲೂ ಹೆದರಿಕೆ ಆಗುತ್ತಿತ್ತು. ಅದನ್ನು ಅವನು ಸಿಡುಕು ಅಂದುಕೊಂಡಿದ್ದ. ಅಕ್ಕನ ಮನೆಗೆ ಹೋದಳು, ಆಸ್ಪತ್ರೆ ಸೇರಿದಳು. ಸ್ವಲ್ಪ ಗುಣವಾದ ಮೇಲೆ ಬಾಗಿಲಿಗೆ ಬಂದಿದ್ದಳು. ಅವನು ಕೆಲಸಕ್ಕೆ ಹೋಗಿದ್ದ. ಬಾಗಿಲು ತೆರೆದ ಅವನ ತಾಯಿ, ‘ಮಗು ಈಗ ತಾನೇ ಅಳು ನಿಲ್ಲಿಸಿ ಊಟ ಮಾಡ್ತಿದೆ, ಮತ್ತೆ ಕೆಡಿಸ್ಬೇಡ’ ಎಂದು ಕಳಿಸಿಬಿಟ್ಟರು. ಇನ್ನೊಂದು ಸಲ ಬಂದಳು, ಆಗಲೂ ಅದೇ ಆಯಿತು. ಆಮೇಲೆ ಬರಲಿಲ್ಲ. ಕೋರ್ಟಿನ ನೋಟಿಸು ಬಂದಾಗ, ಬೇಡವಾದವಳು ಹೋಗಿ ಏನು ಹೇಳುವುದು ಎಂದು ಸುಮ್ಮನಿದ್ದಳು.

“ಅಮ್ಮನ್ನ ಕೇಳಿದೆ,” ಎಂದ. “ಹೌದು ಅಂದ್ರು. ಎಂಟು ವರ್ಷ ಹೊಟ್ಟೇಲಿಟ್ಕೊಂಡಿದ್ರು. ‘ಮಗು ಊಟ ಮಾಡ್ತಿತ್ತು ಕಣೋ’ ಅಂತ ಅದನ್ನೇ ಹೇಳ್ತಾರೆ. ಅವರನ್ನ ಬಯ್ಯೋಕೂ ಆಗ್ಲಿಲ್ಲ. ನಾನೇನು ಮಾಡಿದೆ? ಹೋದವಳನ್ನ ಹುಡುಕ್ಕೊಂಡು ಹೋಗೋನಲ್ಲ ನಾನು ಅಂತ ಮೀಸೆ ತಿರುವ್ಕೊಂಡು ಕೂತೆ. ಒಂದು ಫೋನ್ ಮಾಡ್ಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಮಾಡಿದ್ಲು.”

“ಈಗ ಎಲ್ಲಿದಾರೆ?”

“ಮನೇಲಿ. ಕಡ್ಡಿನೇ ಹೋಗಿ ಕರ್ಕೊಂಡು ಬಂದ್ಲು. ಅವಳ ಪಕ್ಕದಲ್ಲೇ ಮಲಗ್ತಾಳೆ. ಕೈ ಬಿಡಲ್ಲ. ರಾತ್ರಿ ಮಧ್ಯದಲ್ಲಿ ಎದ್ದು ಇದಾಳಾ ಅಂತ ಮುಟ್ಟಿ ನೋಡ್ತಾಳೆ.”

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಇಬ್ಬರೂ ಕೈ ಹಾಕಲಿಲ್ಲ. ಉರಿ ತಾನಾಗಿ ಆರಿದಾಗ ಅವಳು ಹೋಗಿ ಗ್ಯಾಸ್ ಆಫ್ ಮಾಡಿ ಬಂದಳು.

ಟೀಚರ್ ಒಳ್ಳೆಯವಳೇ. ಆದರೆ ದೇವತೆಯಲ್ಲ. ಕಥೆ ಪುಸ್ತಕದ ಹೆಂಗಸರು ಇಂಥ ಹೊತ್ತಿನಲ್ಲಿ ‘ಹೋಗಿ, ಸುಖವಾಗಿರಿ’ ಎನ್ನುತ್ತಾರೆ. ಅಂಥವನ್ನು ಅವಳು ವರ್ಷಗಟ್ಟಲೆ ಪಾಠ ಮಾಡಿದ್ದಳು, ಕೊನೆಯ ಪ್ರಶ್ನೆಗೆ ತ್ಯಾಗ ಎಂದು ಬರೆದವರಿಗೆಲ್ಲ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದಳು. ಈಗ ಅವಳ ಬಾಯಿಂದ ಬಂದದ್ದು ಬೇರೆ.

“ಅವರಿಗೆ ಬೇರೆ ಮನೆ ಮಾಡಿಕೊಡಿ. ಕಡ್ಡಿ ಎರಡೂ ಕಡೆ ಇರ್ಲಿ. ನಾವು ಮದುವೆ ಆಗೋಣ. ಎಷ್ಟು ಜನ ಹಾಗೆ ಇಲ್ಲ?”

ಅವನು ಬಾಗಿಲ ಕಡೆ ನೋಡಿದ.

“ಅವರ ಮೇಲೆ ಪ್ರೀತಿ ಇದೆಯಾ ನಿಮಗೆ?”

“ಗೊತ್ತಿಲ್ಲ. ಎದುರಿಗೆ ಕೂತ್ರೆ ಏನು ಮಾತಾಡ್ಬೇಕು ಅಂತಾನೇ ತಿಳಿಯಲ್ಲ. ಉಪ್ಪು ಕೊಡು ಅನ್ನೋಕೂ ಹಿಂಜರೀತೀನಿ.” ಅವನು ಮೊದಲ ಸಲ ಅವಳನ್ನು ನೋಡಿದ. “ನಿಮ್ಮ ಮೇಲೆ ಇದೆ. ಅದು ಗೊತ್ತು.”

“ಮತ್ತೆ?”

“ಬಾಗಿಲಿಗೆ ಬಂದವಳನ್ನ ಎರಡು ಸಲ ವಾಪಸ್ ಕಳಿಸಿದಾರೆ, ಮೇಡಂ. ಮೂರನೇ ಸಲ ನಾನು ಹೇಗೆ ಕಳಿಸ್ಲಿ?”

“ನನ್ನನ್ನ ಕಳಿಸ್ತಿದೀರಲ್ಲ. ನಾನೇನು ತಪ್ಪು ಮಾಡ್ದೆ? ಹೇಳಿ. ನಾನೂ ಹಾಸಿಗೆ ಹಿಡಿದು ಬೀಳ್ಬೇಕಿತ್ತಾ? ಎಂಟು ವರ್ಷ ಅಳಬೇಕಿತ್ತಾ? ಅಳ್ತೀನಿ, ನನಗೂ ಬರುತ್ತೆ.”

ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು. ಗ್ರೀಸಿನ ವಾಸನೆಯ ಆ ತೋಳಿಗೆ ಹಣೆ ಒತ್ತಿ, ‘ಹೋಗಬೇಡಿ’ ಎಂದಳು. ಒಂದು ಸಲವಲ್ಲ, ಹಲವು ಸಲ ಹೇಳಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು ನಿಂತಿದ್ದ. ಒಂದು ಕ್ಷಣ ಅವನು ಉಳಿದುಬಿಡುತ್ತಾನೆ ಎಂದೇ ಅನಿಸಿತು. ಆಮೇಲೆ ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

“ಕಡ್ಡಿಗೆ ನಮ್ಮ ವಿಷಯ ಹೇಳಿಲ್ಲ,” ಎಂದ. “ಇನ್ನು ಹೇಳೋದೂ ಇಲ್ಲ. ನೀವೂ...”

“ಹೇಳಲ್ಲ ಬಿಡಿ.”

ಅವನು ಮೆಟ್ಟಿಲಿಳಿದು ಹೋದ. ಅವಳು ಕಿಟಕಿಗೆ ಹೋಗಲಿಲ್ಲ. ಒಲೆಯ ಮೇಲೆ ಸೀದುಹೋದ ಹಾಲನ್ನು ಸಂಜೆಯವರೆಗೂ ಉಜ್ಜಿದಳು.

ಶಾಲೆ ತೆರೆಯಿತು. ಕಡ್ಡಿ ಕ್ಲಾಸಿನ ಮುಂದೆ ನಿಂತು ತನ್ನ ಪ್ರಾಜೆಕ್ಟ್ ಓದಿದಳು. ಅವಳ ಇಂಗ್ಲಿಷ್ ಅಲ್ಲಲ್ಲಿ ತೊಡರುತ್ತಿತ್ತು, ದನಿ ಮಾತ್ರ ತೊಡರಲಿಲ್ಲ. ಹಿಂದಿನ ಬೆಂಚಿನ ಪೋಕರಿಗಳೂ ಗಪ್‌ಚಿಪ್ಪಾಗಿ ಕೇಳಿದರು. ಓದಿ ಮುಗಿಸಿ ಅವಳು ಚಪ್ಪಾಳೆಯ ಕಡೆ ನೋಡದೆ ಮಿಸ್ ಕಡೆ ನೋಡಿದಳು. ಟೀಚರ್ ಹತ್ತಕ್ಕೆ ಹತ್ತು ಹಾಕಿದಳು. ಒಂದು ಮಾರ್ಕ್ಸ್ ಕಡಿಮೆ ಮಾಡುವುದಕ್ಕೂ ಎಲ್ಲೂ ತಪ್ಪು ಸಿಗಲಿಲ್ಲ. ಸಿಗಲಿ ಎಂದು ಅವಳು ಎರಡೆರಡು ಸಲ ಹುಡುಕಿದ್ದಳು.

ಊಟದ ಬಿಡುವಿನಲ್ಲಿ ಕಡ್ಡಿ ಒಬ್ಬ ಹೆಂಗಸಿನ ಕೈ ಹಿಡಿದು ಎಳೆದುಕೊಂಡು ಬಂದಳು. “ಮಿಸ್, ನಮ್ಮಮ್ಮ. ನಿಮ್ಮನ್ನ ನೋಡ್ಲೇಬೇಕಂತೆ,” ಎಂದವಳು ಗೆಳತಿಯರು ಕರೆದರೆಂದು ಓಡಿಹೋದಳು.

ಟೀಚರ್ ಮನಸ್ಸಿನಲ್ಲೇ ಒಬ್ಬ ಗಯ್ಯಾಳಿಯನ್ನು ಕಲ್ಪಿಸಿಕೊಂಡಿದ್ದಳು. ದ್ವೇಷಿಸುವುದಕ್ಕೆ ಅನುಕೂಲವಾಗುವಂಥವಳನ್ನು. ಬಂದವಳು ಸಣ್ಣ ಮೈಯವಳು, ಕಡ್ಡಿಯ ಹಾಗೆಯೇ. ಬಾಗಿಲ ಹೊರಗೇ ನಿಂತಿದ್ದಳು. ಒಳಗೆ ಬನ್ನಿ ಎಂದ ಮೇಲೂ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಯಾರಾದರೂ ಬೇಡ ಅನ್ನುತ್ತಾರೋ ಎಂದು ಆ ಕಡೆ ಈ ಕಡೆ ನೋಡಿ, ಆಮೇಲೆ ಬಂದಳು.

“ನೀವು ಆ ಪ್ರಶ್ನೆ ಕೊಡದೆ ಇದ್ದಿದ್ರೆ ನನ್ನನ್ನ ಯಾರೂ ಕೇಳ್ತಿರ್ಲಿಲ್ಲ ಮೇಡಂ,” ಎಂದಳು. “ನಿಮ್ಮ ಋಣ ತೀರ್ಸೋಕಾಗಲ್ಲ.”

“ಮಗಳು ಜಾಣೆ. ಅವಳದೇ ಎಲ್ಲಾ.”

“ಕಡ್ಡಿ ಅಪ್ಪನಿಗೂ ನಿಮ್ಮ ಮೇಲೆ ತುಂಬಾ ಗೌರವ. ಜಾಸ್ತಿ ಮಾತಾಡಲ್ಲ ಅವರು, ಆದ್ರೆ ನಿಮ್ಮ ಹೆಸರು ಬಂದ್ರೆ ಎದ್ದು ಹೊರಗೆ ಹೋಗಿ ನಿಂತ್ಕೋತಾರೆ. ಪಾಪ, ಅವರಿಗೂ ಕಣ್ಣಲ್ಲಿ ನೀರು ಬರುತ್ತೆ ಅನ್ಸುತ್ತೆ.”

ಟೀಚರ್ ಮೇಜಿನ ಮೇಲಿದ್ದ ಪುಸ್ತಕಗಳನ್ನು ಜೋಡಿಸಿದಳು. ಜೋಡಿಸಿದ್ದನ್ನು ಮತ್ತೆ ಜೋಡಿಸಿದಳು.

“ನಿಮಗೆ ಮಕ್ಕಳು, ಮೇಡಂ?”

“ಇಲ್ಲ. ಮದುವೆ ಆಗಿಲ್ಲ.”

“ಯಾಕೆ?” ಎಂದು ಕೇಳಿ ಆ ಹೆಂಗಸು ನಾಲಿಗೆ ಕಚ್ಚಿಕೊಂಡಳು. “ತಪ್ಪು ತಿಳ್ಕೋಬೇಡಿ. ಕೇಳಿದ್ರೇ ಹಗುರಾಗೋದು ಅಂತ ಈಗ ನನಗೆ ಗೊತ್ತಾಗಿದೆಯಲ್ಲ, ಅದಕ್ಕೆ.”

ಟೀಚರ್ ಏನೂ ಇಲ್ಲ ಎನ್ನಬಹುದಿತ್ತು. ಆದರೆ ಇಷ್ಟು ದಿನದಲ್ಲಿ ಅವಳನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. “ಆಗ್ಬೇಕಿತ್ತು,” ಎಂದಳು. “ಒಬ್ರು ಇದ್ರು. ಬಿಟ್ಟು ಹೋದ್ರು.”

“ಕೆಟ್ಟೋರಾ?”

“ಅಲ್ಲ. ತುಂಬಾ ಒಳ್ಳೆಯವರು.”

ಆ ಹೆಂಗಸು ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆಚ್ಚಗಿತ್ತು. ಕಣ್ಣು ತುಂಬಿ ಬಂದಿತ್ತು. “ಹಾಗಾದ್ರೆ ಬರ್ತಾರೆ ಮೇಡಂ. ಧೈರ್ಯವಾಗಿರಿ. ಎಷ್ಟು ವರ್ಷ ಆದ್ಮೇಲೆ ನಾನು ಬರ್ಲಿಲ್ವಾ? ಅವರೂ ಬರ್ತಾರೆ.”

ಟೀಚರ್ ತಲೆಯಾಡಿಸಿದಳು. ಅವನು ಬಂದರೆ ಈ ಸಣ್ಣ ಮೈಯವಳು ಮತ್ತೆ ಹೊಸ್ತಿಲಿನಿಂದಾಚೆ ಹೋಗಬೇಕು, ಕಡ್ಡಿ ರಾತ್ರಿ ಎದ್ದು ಖಾಲಿ ಹಾಸಿಗೆ ಮುಟ್ಟಬೇಕು. ಅದೆಲ್ಲ ಅವಳಿಗೆ ಗೊತ್ತಿತ್ತು. ಆ ಬೆಚ್ಚಗಿನ ಕೈಗಳನ್ನು ಹಿಡಿದುಕೊಂಡೇ, ಅವನು ಬರಲಿ ಎಂದು ಅವಳು ಮನಸ್ಸಿನೊಳಗೆ ಬೇಡಿಕೊಂಡಳು.